‘ಲೆಫ್ಟ್’ ಎಂದರೆ ಹೋದದ್ದೋ, ಉಳಿದದ್ದೋ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯಲ್ಲಿ ‘ಲೀವ್’ ಕ್ರಿಯಾಪದದ ಭೂತಕಾಲದ ರೂಪವಾದ ‘ಲೆಫ್ಟ್’ ಪದವನ್ನು ಹೇಳಿಕೊಡುವಾಗ ಎದುರಾದ ತೊಡಕೊಂದನ್ನು ತಮ್ಮ ಮುಂದಿಡುತ್ತಿದ್ದೇನೆ.

ಮಕ್ಕಳ ಕೈಯಲ್ಲಿರುವ ಗೈಡಿನಲ್ಲಿ ಈ ಪದಕ್ಕೆ ‘ಬಿಟ್ಟನು, ಹೊರಟನು’ ಎಂಬ ಅರ್ಥವನ್ನೂ, ಸಮಾನಾರ್ಥಕಗಳೆಂದು ‘ಡಿಪಾರ್ಟೆಡ್, ಕ್ವಿಟ್, ಅಬ್ಯಾಂಡನ್ಡ್, ಡೆಸರ್ಟೆಡ್’ ಎಂಬ ನಾಲ್ಕು ಪದಗಳನ್ನೂ ಒಂದೇ ಸಾಲಿನಲ್ಲಿ ಕೊಟ್ಟಿದ್ದಾರೆ. ಅದನ್ನು ನಂಬಿದ ಒಬ್ಬ ಹುಡುಗ ತನ್ನ ದಿನಚರಿಯ ಬಗ್ಗೆ ಬರೆಯುವಾಗ ‘ಐ ಅಬ್ಯಾಂಡನ್ಡ್ ಮೈ ಹೌಸ್ ಅಟ್ ಎಯ್ಟ್ ಓಕ್ಲಾಕ್’ ಎಂದು ಬರೆದಿದ್ದಾನೆ. ಬೆಳಿಗ್ಗೆ ಎಂಟು ಗಂಟೆಗೆ ಮನೆಯಿಂದ ಹೊರಟೆ ಎನ್ನುವುದು ಅವನ ಉದ್ದೇಶ. ವ್ಯಾಕರಣದ ಪ್ರಕಾರ ವಾಕ್ಯದಲ್ಲಿ ಯಾವ ದೋಷವೂ ಇಲ್ಲ. ಆದರೂ ಅದು ತಪ್ಪು ಎಂದು ನನಗೆ ಗೊತ್ತಿತ್ತೇ ಹೊರತು, ಏಕೆ ತಪ್ಪು ಎಂದು ಅವನಿಗೆ ಮನಗಾಣಿಸುವುದು ಕಷ್ಟವಾಯಿತು.

ಇನ್ನೊಬ್ಬ ಹುಡುಗಿ ‘ಟೂ ಮ್ಯಾಂಗೋಸ್ ವರ್ ಲೆಫ್ಟ್ ಇನ್ ದಿ ಬಾಸ್ಕೆಟ್’ ಎಂಬ ವಾಕ್ಯವನ್ನು ‘ಬುಟ್ಟಿಯಲ್ಲಿ ಎರಡು ಮಾವಿನಹಣ್ಣು ಬಿಟ್ಟವು’ ಎಂದು ಕನ್ನಡಕ್ಕೆ ತಂದಿದ್ದಳು. ನಾನು ‘ಬಿಟ್ಟವು’ ಎಂಬುದನ್ನು ಹೊಡೆದು ‘ಉಳಿದಿದ್ದವು’ ಎಂದು ತಿದ್ದಿದೆ. ಅವಳು ಎದ್ದುನಿಂತು, “ಮಿಸ್, ಹೋದವರಿಗೂ ಲೆಫ್ಟ್ ಅಂತೀರಿ, ಉಳಿದದ್ದಕ್ಕೂ ಲೆಫ್ಟ್ ಅಂತೀರಿ. ಹೋಗೋದು, ಉಳಿಯೋದು ಎರಡೂ ಒಂದೇ ಪದ ಹೇಗಾಗುತ್ತೆ?” ಎಂದು ಕೇಳಿದಳು. ಹದಿನೈದು ವರ್ಷಗಳಿಂದ ಈ ಪದವನ್ನು ಕಲಿಸುತ್ತಿದ್ದರೂ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ತಿಳಿದುಕೊಂಡು ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟು ಬಂದಿದ್ದೇನೆ. ಈ ಪದಕ್ಕೆ ನಿಜವಾಗಿ ಎಷ್ಟು ಅರ್ಥಗಳಿವೆ, ಯಾವ ಸಮಾನಾರ್ಥಕ ಎಲ್ಲಿ ಸಲ್ಲುತ್ತದೆ ಎಂಬುದನ್ನು ಬಲ್ಲವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಉಪಸಂಪಾದಕ, ಮೈಸೂರು

ಮೇಡಂ, ಕನ್ನಡ ದಿನಪತ್ರಿಕೆಯ ಸುದ್ದಿಮನೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಸುದ್ದಿಗಳನ್ನು ಅನುವಾದಿಸುತ್ತ ಕುಳಿತವನಿಗೆ ಈ ಪದದಷ್ಟು ಎಚ್ಚರ ಬೇಡಿದ ಪದ ಇನ್ನೊಂದಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನನ್ನ ಮುಂದೆ ಒಂದು ನಿಧನವಾರ್ತೆ ಬಂತು. ತೀರಿಕೊಂಡ ಹಿರಿಯರು ‘ಲೆಫ್ಟ್ ಎ ವೈಫ್ ಅಂಡ್ ಟೂ ಸನ್ಸ್’ ಎಂದಿತ್ತು. ನಾನು ‘ಪತ್ನಿ ಮತ್ತು ಇಬ್ಬರು ಪುತ್ರರನ್ನು ಬಿಟ್ಟು ಹೋಗಿದ್ದಾರೆ’ ಎಂದು ಬರೆದುಕೊಟ್ಟೆ. ಹಿರಿಯ ಸಹೋದ್ಯೋಗಿ ಅದನ್ನು ಓದಿ, ಏನೂ ಮಾತಾಡದೆ, ‘ಬಿಟ್ಟು ಹೋಗಿದ್ದಾರೆ’ ಎಂಬುದರ ಮೇಲೆ ಗೆರೆ ಎಳೆದು ‘ಅಗಲಿದ್ದಾರೆ’ ಎಂದು ಬರೆದರು. ಕನ್ನಡದಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಹೋಗುವುದು ಎಂದರೆ ಹೊಣೆ ಕಳಚಿಕೊಂಡು ಹೋಗುವುದು ಎಂದೇ ಓದುಗ ತಿಳಿಯುತ್ತಾನೆ. ಸಾವು ಮಾಡಿದ ಬೇರ್ಪಡೆಗೆ ನಮ್ಮಲ್ಲಿ ‘ಅಗಲು’ ಎಂಬ ಪ್ರತ್ಯೇಕ ಪದವೇ ಇದೆ, ಆ ಪದದಲ್ಲಿ ದೂರು ಇಲ್ಲ, ನೋವು ಮಾತ್ರ ಇದೆ. ಅಂದಿನಿಂದ ‘ಲೆಫ್ಟ್’ ಕಂಡಾಗಲೆಲ್ಲ ನಿಂತು ಯೋಚಿಸುವುದು ನನಗೆ ಅಭ್ಯಾಸವಾಯಿತು.

ನಿಮ್ಮ ಹುಡುಗನ ವಾಕ್ಯ ಏಕೆ ತಪ್ಪು ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ‘ಲೆಫ್ಟ್’ ಎಂಬುದು ಹೊರಟುಹೋದ ಸಂಗತಿಯನ್ನಷ್ಟೇ ಹೇಳುತ್ತದೆ, ಹೋದವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಹೇಳುವುದಿಲ್ಲ. ‘ಅಬ್ಯಾಂಡನ್ಡ್’ ಎಂದಾಗ ನೋಡಿಕೊಳ್ಳಬೇಕಾಗಿದ್ದ ಒಂದನ್ನು ಇನ್ನು ಹಿಂತಿರುಗಿ ನೋಡುವುದಿಲ್ಲವೆಂದು ಕೈಬಿಟ್ಟ ಅರ್ಥ ಸೇರಿಕೊಳ್ಳುತ್ತದೆ. ಮುಳುಗುತ್ತಿರುವ ಹಡಗು, ಪಾಳುಬಿದ್ದ ಗಣಿ, ರಸ್ತೆಬದಿಯಲ್ಲಿ ಕೆಟ್ಟುನಿಂತ ಕಾರು, ಅರ್ಧಕ್ಕೆ ನಿಂತ ಯೋಜನೆ, ಇವೆಲ್ಲ ಆ ಪದಕ್ಕೆ ಸಲ್ಲುತ್ತವೆ. ಸಂಜೆ ನಾಲ್ಕೂವರೆಗೆ ಮರಳಿ ಬರುವ ಮನೆಗೆ ಅದು ಸಲ್ಲುವುದಿಲ್ಲ. ‘ಡೆಸರ್ಟೆಡ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಂಬಿಕೆಗೆ ದ್ರೋಹ ಮಾಡಿದ ಆರೋಪವನ್ನೇ ಹೊರಿಸುತ್ತದೆ. ಸೈನ್ಯದಿಂದ ಓಡಿಹೋದ ಸಿಪಾಯಿಗೆ ಬಳಸುವುದು ಈ ಪದವನ್ನು. ‘ಫಾರ್‌ಸುಕ್’ ಎಂಬುದೂ ಇದೇ ಬಳಗದ್ದು, ಆದರೆ ಅದು ಇಂದು ಪದ್ಯಗಳಲ್ಲಿ ಮತ್ತು ಬೈಬಲಿನ ಭಾಷೆಯಲ್ಲಿ ಹೆಚ್ಚಾಗಿ ಕಾಣುತ್ತದೆ, ದಿನಬಳಕೆಯಲ್ಲಿ ಕಡಿಮೆ.

‘ಕ್ವಿಟ್’ ಬೇರೆಯೇ ಒಂದು ದಾರಿ. ಕೆಲಸ, ಹುದ್ದೆ, ಚಟ, ಆಟ, ಇಂಥ ನಡೆಯುತ್ತಿರುವ ಒಂದನ್ನು ನಿಲ್ಲಿಸುವುದಕ್ಕೆ ಅದು ಬರುತ್ತದೆ. ಭೂತಕಾಲದಲ್ಲಿಯೂ ಅದರ ರೂಪ ಬದಲಾಗುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿ. ‘ವೆಕೇಟೆಡ್’ ಎಂದರೆ ಬಾಡಿಗೆ ಮನೆಯನ್ನೋ ಆಸನವನ್ನೋ ಇನ್ನೊಬ್ಬರು ಬರುವಂತೆ ಖಾಲಿ ಮಾಡಿದ್ದು. ‘ಸೆಟ್ ಔಟ್’ ಎಂಬುದರಲ್ಲಿ ಪ್ರಯಾಣ ಆರಂಭಿಸಿದ ಭಾವ ಮುಖ್ಯ. ‘ಡಿಪಾರ್ಟೆಡ್’ ಹೊರಡುವುದಕ್ಕೆ ಅತ್ಯಂತ ಹತ್ತಿರದ ಪದವಾದರೂ ಅದರ ಗತ್ತು ಬೇರೆ: ರೈಲು, ವಿಮಾನ, ರಾಯಭಾರಿಗಳ ನಿಯೋಗ ಅದನ್ನು ಧರಿಸುತ್ತವೆ, ಶಾಲೆಗೆ ಹೊರಟ ಹುಡುಗನಿಗೆ ಅದು ದೊಡ್ಡ ಅಂಗಿಯಂತೆ ಕಾಣುತ್ತದೆ. ಅಲ್ಲದೆ ಕಾಲವಾದವರನ್ನು ಗೌರವದಿಂದ ‘ದಿ ಡಿಪಾರ್ಟೆಡ್’ ಎನ್ನುವುದರಿಂದ ಅದರ ಸುತ್ತ ಆ ನೆರಳೂ ಇದೆ.

ಕನ್ನಡದಲ್ಲಿಯೂ ನಾವು ಹೀಗೆಯೇ ಆರಿಸುತ್ತಿದ್ದೆವು. ಮುಖ್ಯಮಂತ್ರಿ ದೆಹಲಿಗೆ ತೆರಳಿದರು, ಅತಿಥಿಗಳು ಸಭಾಂಗಣದಿಂದ ನಿರ್ಗಮಿಸಿದರು, ಶಾಸಕರು ಪಕ್ಷ ತೊರೆದರು, ಮುನಿಗಳು ಸಂಸಾರ ತ್ಯಜಿಸಿದರು. ಇಂಗ್ಲಿಷಿನಲ್ಲಿ ಈ ನಾಲ್ಕು ಕಡೆಯೂ ‘ಲೆಫ್ಟ್’ ನಡೆಯುತ್ತದೆ. ಕನ್ನಡದಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ತಂದರೆ ಸುದ್ದಿಯೇ ಬದಲಾಗುತ್ತದೆ. ಕೊನೆಯದಾಗಿ ಒಂದು ಮಾತು: ‘ಲೆಫ್ಟ್ ಬೆಂಗಳೂರು’ ಎಂದರೆ ಬೆಂಗಳೂರಿನಿಂದ ಹೊರಟರು, ‘ಲೆಫ್ಟ್ ಫಾರ್ ಬೆಂಗಳೂರು’ ಎಂದರೆ ಬೆಂಗಳೂರಿಗೆ ಹೊರಟರು. ನಡುವಿನ ಪುಟ್ಟ ‘ಫಾರ್’ ಕಣ್ಣು ತಪ್ಪಿದ್ದರಿಂದ ಪ್ರಯಾಣದ ದಿಕ್ಕೇ ತಿರುಗಿ ಅಚ್ಚಾದ ಸುದ್ದಿಗಳನ್ನು ನಾನು ನೋಡಿದ್ದೇನೆ.

ಉತ್ತರ 2: ಜರ್ಮನಿಯಲ್ಲಿರುವ ಕನ್ನಡಿಗ, ಭಾಷಾವಿಜ್ಞಾನದ ವಿದ್ಯಾರ್ಥಿ

ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಬಹಳ ಬೆಲೆಯುಳ್ಳದ್ದು. ಪದದ ಹುಟ್ಟನ್ನು ನೋಡಿದರೆ ಅದಕ್ಕೆ ನೇರವಾದ ಉತ್ತರ ಸಿಗುತ್ತದೆ, ಮತ್ತು ಸಂತೋಷದ ಸಂಗತಿಯೆಂದರೆ ಆ ಉತ್ತರ ಕನ್ನಡದ ಮಕ್ಕಳಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುವಂಥದ್ದು.

ಕನ್ನಡದಲ್ಲಿ ‘ಉಳಿ’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಸೇರಿಸಿದರೆ ‘ಉಳಿಸು’ ಎಂಬ ಪ್ರೇರಣಾರ್ಥಕ ರೂಪ ಬರುತ್ತದೆ. ಇಂಗ್ಲಿಷಿನ ‘ಲೀವ್’ ಕೂಡ ಹುಟ್ಟಿನಲ್ಲಿ ಹೀಗೆಯೇ ಆದ ಪದ. ಜರ್ಮನಿಕ್ ಭಾಷೆಗಳ ಮೂಲದಲ್ಲಿ ‘ಉಳಿ, ಇರು’ ಎಂಬ ಅರ್ಥದ ಧಾತುವೊಂದಿತ್ತು. ಅದರ ಪ್ರೇರಣಾರ್ಥಕ ರೂಪವೇ ಹಳೆಯ ಇಂಗ್ಲಿಷಿನಲ್ಲಿ ‘ಲ್ಯಾವನ್’ ಆಗಿ, ಇಂದು ‘ಲೀವ್’ ಆಗಿದೆ. ಅಂದರೆ ‘ಲೆಫ್ಟ್’ ಎಂಬುದರ ಮೊದಲ ಅರ್ಥ ‘ಹೋದ’ ಅಲ್ಲ, ‘ಉಳಿಸಿದ’. ಒಬ್ಬ ಊರನ್ನು ಹಿಂದೆ ಉಳಿಸಿ ನಡೆದರೆ ಅವನು ಊರಿನಿಂದ ಹೋದಂತೆಯೇ ಅಲ್ಲವೇ? ಹೋಗುವ ಅರ್ಥ ಹೀಗೆ ಉಳಿಸುವ ಅರ್ಥದ ಬೆನ್ನಿಗೆ ಬೆಳೆಯಿತು. ಬುಟ್ಟಿಯ ಎರಡು ಮಾವಿನಹಣ್ಣುಗಳು ಹಳೆಯ ಅರ್ಥದಲ್ಲಿ ‘ಲೆಫ್ಟ್’, ಅಂದರೆ ಉಳಿಸಲ್ಪಟ್ಟವು. ರೈಲು ಹೊಸ ಅರ್ಥದಲ್ಲಿ ‘ಲೆಫ್ಟ್’, ಅಂದರೆ ನಿಲ್ದಾಣವನ್ನು ಹಿಂದೆ ಉಳಿಸಿ ನಡೆಯಿತು.

ಇಲ್ಲಿ ನಾನು ದಿನವೂ ಆಡುವ ಜರ್ಮನ್ ಭಾಷೆಯಲ್ಲಿ ‘ಉಳಿಯುವುದು’ ಎಂಬುದಕ್ಕೆ ‘ಬ್ಲೈಬನ್’ ಎನ್ನುತ್ತಾರೆ. ಅದು ಇದೇ ಧಾತುವಿನ ಕೂಸು. ಹೋಗುವುದಕ್ಕೆ ಮಾತ್ರ ಅವರು ಬೇರೆ ಪದಗಳನ್ನು ಇಟ್ಟುಕೊಂಡಿದ್ದಾರೆ: ರೈಲು ಹೊರಟರೆ ‘ಆಪ್‌ಫಾರನ್’, ಮನೆಯನ್ನೋ ವ್ಯಕ್ತಿಯನ್ನೋ ಬಿಟ್ಟರೆ ‘ಫೆರ್‌ಲಾಸನ್’, ಆಸ್ತಿಯನ್ನೋ ಗುರುತನ್ನೋ ಉಳಿಸಿಹೋದರೆ ‘ಹಿಂಟರ್‌ಲಾಸನ್’. ಇಂಗ್ಲಿಷಿನವರು ಈ ಎಲ್ಲ ಹೊರೆಯನ್ನೂ ಒಂದೇ ಹೆಗಲಿಗೆ ಹಾಕಿದ್ದಾರೆ. ‘ಲೈಫ್’ ಎಂಬ ಇಂಗ್ಲಿಷ್ ಪದವೂ ಇದೇ ಮನೆತನದ್ದು, ಉಳಿದಿರುವುದೇ ಬದುಕಿರುವುದು. ಇನ್ನೂ ಹಿಂದಕ್ಕೆ ಹೋದರೆ ಈ ಧಾತುವಿಗೆ ‘ಅಂಟಿಕೊಳ್ಳು’ ಎಂಬ ಅರ್ಥವಿತ್ತೆಂದು ವ್ಯುತ್ಪತ್ತಿ ಹೇಳುವವರು ತೋರಿಸುತ್ತಾರೆ, ಸಂಸ್ಕೃತದ ‘ಲೇಪ’ವನ್ನು ಅದರ ದೂರದ ಬಂಧು ಎನ್ನುತ್ತಾರೆ. ಅಂಟಿಕೊಂಡದ್ದು ಉಳಿಯಿತು, ಉಳಿಸಿದವನು ಹೋದ. ‘ಇಲೆವೆನ್’ ಎಂಬ ಸಂಖ್ಯಾವಾಚಕದ ಮೂಲ ಅರ್ಥವೂ ‘ಹತ್ತು ಎಣಿಸಿದ ಮೇಲೆ ಒಂದು ಉಳಿಯಿತು’ ಎಂದು. ನಮ್ಮ ‘ಹನ್ನೊಂದು’ ಹತ್ತಕ್ಕೆ ಒಂದನ್ನು ಕೂಡಿಸುತ್ತದೆ, ಅವರದು ಮಿಕ್ಕದ್ದನ್ನು ಎಣಿಸುತ್ತದೆ.

ರೂಪದ ಬಗ್ಗೆ ಮಕ್ಕಳು ಕೇಳಿದರೆ, ‘ಕೀಪ್–ಕೆಪ್ಟ್’, ‘ಸ್ಲೀಪ್–ಸ್ಲೆಪ್ಟ್’ ಇವುಗಳಂತೆ ಇಲ್ಲಿಯೂ ದೀರ್ಘ ಸ್ವರ ಹ್ರಸ್ವವಾಗಿದೆ, ಜೊತೆಗೆ ‘ಟ್’ ಮುಂದೆ ಬಂದದ್ದರಿಂದ ‘ವ್’ ಧ್ವನಿ ‘ಫ್’ ಆಗಿದೆ ಎಂದು ಹೇಳಬಹುದು. ‘ಬಿರೀವ್–ಬಿರೆಫ್ಟ್’ ಇನ್ನೊಂದು ಉದಾಹರಣೆ. ಇದಕ್ಕಿಂತ ಮುಖ್ಯವಾದದ್ದು, ಭೂತಕಾಲಕ್ಕೂ ಭೂತಕೃದಂತಕ್ಕೂ ಈ ಕ್ರಿಯಾಪದದಲ್ಲಿ ಒಂದೇ ರೂಪ. ‘ವೆಂಟ್’, ‘ಗಾನ್’ ಎಂಬಂತೆ ಎರಡು ರೂಪಗಳಿದ್ದಿದ್ದರೆ ಇಷ್ಟು ಗೊಂದಲ ಆಗುತ್ತಿರಲಿಲ್ಲ. ಕಪ್ಪುಹಲಗೆಯ ಮೇಲೆ ಒಂದರ ಕೆಳಗೆ ಒಂದು ಎರಡು ವಾಕ್ಯ ಬರೆಯಿರಿ: ‘ನೋಬಡಿ ಲೆಫ್ಟ್’ ಮತ್ತು ‘ನೋಬಡಿ ವಾಸ್ ಲೆಫ್ಟ್’. ಮೊದಲನೆಯದರಲ್ಲಿ ಯಾರೂ ಹೋಗಲಿಲ್ಲ, ಕೋಣೆ ತುಂಬಿದೆ. ಎರಡನೆಯದರಲ್ಲಿ ಯಾರೂ ಉಳಿಯಲಿಲ್ಲ, ಕೋಣೆ ಖಾಲಿ.

ಎಡಗೈಯ ‘ಲೆಫ್ಟ್’ ಇದಕ್ಕೆ ಸಂಬಂಧಿಸಿದ್ದಲ್ಲ. ಅದು ಹಳೆಯ ಇಂಗ್ಲಿಷಿನಲ್ಲಿ ‘ದುರ್ಬಲ’ ಎಂಬ ಅರ್ಥವಿದ್ದ ಬೇರೊಂದು ಪದದಿಂದ ಬಂದದ್ದು. ರಜೆಯ ‘ಲೀವ್’ ಕೂಡ ಬೇರೆ, ಅದರ ಅರ್ಥ ಅನುಮತಿ. ಜರ್ಮನ್ನಿನಲ್ಲಿ ರಜೆಗೆ ‘ಊರ್‌ಲೌಬ್’ ಎನ್ನುತ್ತಾರೆ, ಅದೂ ಅನುಮತಿಯಿಂದಲೇ ಹುಟ್ಟಿದ್ದು. ನಮ್ಮ ‘ರಜೆ’ಯೂ ಒಪ್ಪಿಗೆ ಎಂಬ ಅರ್ಥದ ಅರಬ್ಬಿ ಪದ ‘ರಜಾ’ದಿಂದ ಬಂದದ್ದು ಎಂಬುದು ನೆನಪಾದಾಗ, ಇಷ್ಟು ದೂರದ ಭಾಷೆಗಳು ಒಂದೇ ರೀತಿ ಯೋಚಿಸಿವೆಯಲ್ಲ ಎಂದು ನನಗೆ ಬೆರಗಾಗುತ್ತದೆ.

ಉತ್ತರ 3: ನ್ಯಾಯಾಲಯದ ದಾಖಲೆಗಳ ಅನುವಾದಕಿ, ಧಾರವಾಡ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತ, ಸಮಾನಾರ್ಥಕ ತಪ್ಪಿದರೆ ಮನುಷ್ಯರಿಗೆ ಏನಾಗಬಹುದು ಎಂಬುದನ್ನು ನನ್ನ ಅನುಭವದಿಂದ ಹೇಳಬೇಕೆನಿಸಿದೆ. ಈ ಕೆಲಸ ಆರಂಭಿಸಿದ ಹೊಸತರಲ್ಲಿ ಹೆಣ್ಣುಮಗಳೊಬ್ಬಳ ಹೇಳಿಕೆಯನ್ನು ಇಂಗ್ಲಿಷಿಗೆ ತರಬೇಕಾಗಿತ್ತು. ‘ಗಂಡ ನನ್ನನ್ನು ತವರಿನಲ್ಲಿ ಬಿಟ್ಟು ಮುಂಬೈಗೆ ಹೋದ’ ಎಂದು ಆಕೆ ಹೇಳಿದ್ದಳು. ನಾನು ‘ಬಿಟ್ಟು’ ಎಂಬಲ್ಲಿ ‘ಡೆಸರ್ಟೆಡ್’ ಎಂದು ಬರೆದೆ. ಅದನ್ನು ನೋಡಿದ ವಕೀಲರು ಆಕೆಯನ್ನು ಕರೆಸಿ ಮತ್ತೆ ಕೇಳಿದಾಗ, ಗಂಡ ಕೆಲಸಕ್ಕೆ ಹೋಗಿದ್ದನೆಂದೂ, ಪ್ರತಿ ತಿಂಗಳು ಹಣ ಕಳಿಸುತ್ತಿದ್ದನೆಂದೂ, ಆಕೆಯ ದೂರು ಬೇರೆಯೇ ಇತ್ತೆಂದೂ ತಿಳಿಯಿತು. ಅಲ್ಲಿ ಬೇಕಾಗಿದ್ದದ್ದು ಬರೀ ‘ಲೆಫ್ಟ್’. ನನ್ನ ಪದ ಹಾಗೆಯೇ ಕಡತ ಸೇರಿದ್ದರೆ ಆಕೆ ಹೇಳದ ಆರೋಪ ಆಕೆಯ ಬಾಯಲ್ಲಿ ಕೂತುಬಿಡುತ್ತಿತ್ತು.

ಹಿಂದೂ ವಿವಾಹ ಕಾಯ್ದೆ, 1955ರ 13ನೆಯ ಕಲಮಿನ ಪ್ರಕಾರ, ಅರ್ಜಿ ಹಾಕುವ ಮುಂಚೆ ಸತತವಾಗಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಪರಿತ್ಯಾಗ, ಅಂದರೆ ‘ಡೆಸರ್ಷನ್’, ವಿಚ್ಛೇದನಕ್ಕೆ ಒಂದು ಆಧಾರ. ದೂರ ಇರುವುದಷ್ಟೇ ಪರಿತ್ಯಾಗವಲ್ಲ, ಒಟ್ಟು ಬಾಳುವುದನ್ನು ಶಾಶ್ವತವಾಗಿ ಮುಗಿಸುವ ಉದ್ದೇಶವೂ ಅದರೊಂದಿಗೆ ಇರಬೇಕೆಂದು ಸುಪ್ರೀಂ ಕೋರ್ಟು 1956ರಲ್ಲಿಯೇ ವಿವರಿಸಿದೆ. ‘ಲೆಫ್ಟ್’ ಹೆಜ್ಜೆಗಳ ಮಾತು, ‘ಡೆಸರ್ಟೆಡ್’ ಮನಸ್ಸಿನ ಮಾತು. ಗೈಡಿನಲ್ಲಿ ಇವೆರಡನ್ನೂ ಅಲ್ಪವಿರಾಮ ಹಾಕಿ ಪಕ್ಕಪಕ್ಕದಲ್ಲಿ ಕೂರಿಸಿದ್ದನ್ನು ಓದಿ ನನಗೆ ಸಂಕಟವಾಯಿತು.

ಆಸ್ತಿಯ ವಿಷಯದಲ್ಲಿ ಈ ಪದಕ್ಕೆ ಎರಡು ಅರ್ಥಗಳಿವೆ. ‘ಹಿ ಲೆಫ್ಟ್ ಹರ್ ದಿ ಹೌಸ್’ ಎಂದರೆ ಉಯಿಲಿನ ಮೂಲಕ ಮನೆಯನ್ನು ಆಕೆಗೆ ಬರೆದಿಟ್ಟ, ಇಲ್ಲಿ ಸರಿಯಾದ ಸಮಾನಾರ್ಥಕ ‘ಬಿಕ್ವೀದ್ಡ್’. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 33ನೆಯ ಕಲಂ ಉಯಿಲು ಬರೆಯದೆ ತೀರಿಕೊಂಡವರು ವಿಧವೆಯನ್ನೂ ಸಂತಾನವನ್ನೂ ‘ಲೆಫ್ಟ್’ ಮಾಡಿದ್ದರೆ ಮೂರನೆಯ ಒಂದು ಭಾಗ ವಿಧವೆಗೆ, ಉಳಿದ ಎರಡು ಭಾಗ ಸಂತಾನಕ್ಕೆ ಎನ್ನುತ್ತದೆ. ಅಲ್ಲಿ ಆ ಪದಕ್ಕೆ ‘ಸಾಯುವಾಗ ಇವರು ಬದುಕಿದ್ದರು’ ಎಂಬುದಷ್ಟೇ ಅರ್ಥ. ಮೈಸೂರಿನ ಹಿರಿಯರು ಹೇಳಿದ ‘ಅಗಲಿದ್ದಾರೆ’ ಸುದ್ದಿಗೆ ಚೆನ್ನ, ಕಾನೂನಿಗೆ ಅಷ್ಟು ಸಾಲದು. ನಾವು ‘ತನ್ನ ಮರಣಕಾಲಕ್ಕೆ ಜೀವಂತರಿದ್ದ ವಿಧವೆ ಮತ್ತು ಸಂತಾನ’ ಎಂದು ಬಿಡಿಸಿ ಬರೆಯುತ್ತೇವೆ.

ಕನ್ನಡದ ‘ಬಿಡು’ ಕೂಡ ಇಕ್ಕಟ್ಟು ತರುತ್ತದೆ ಎಂಬುದನ್ನೂ ಹೇಳಬೇಕು. ‘ಗಂಡ ಬಿಟ್ಟ ಹೆಂಗಸು’ ಎಂದು ಊರಿನಲ್ಲಿ ಸಲೀಸಾಗಿ ಅನ್ನುತ್ತಾರೆ. ಗಂಡ ಆಕೆಯನ್ನು ಬಿಟ್ಟನೋ, ಆಕೆಯೇ ಗಂಡನನ್ನು ಬಿಟ್ಟು ಬಂದಳೋ ಎಂಬುದನ್ನು ಆ ಮಾತು ಹೇಳುವುದೇ ಇಲ್ಲ. ಇಂಗ್ಲಿಷಿಗೆ ತರುವಾಗ ಯಾರು ಯಾರನ್ನು ಎಂದು ಕೇಳದೆ ಮುಂದೆ ಹೋಗಲು ಸಾಧ್ಯವಿಲ್ಲ.

ಉತ್ತರ 4: ಕನ್ನಡ ಉಪನ್ಯಾಸಕ, ಶಿವಮೊಗ್ಗ

‘ಬಿಡು’ ಮಾತಿಗೆ ಬಂದದ್ದರಿಂದ ಒಂದೆರಡು ವಾಕ್ಯ ಸೇರಿಸುತ್ತೇನೆ. ಮಕ್ಕಳು ‘ಲೆಫ್ಟ್’ ಮತ್ತು ‘ಬಿಟ್ಟ’ ಒಂದೇ ಎಂದು ಗಟ್ಟಿಯಾಗಿ ಹಿಡಿದುಕೊಳ್ಳುವುದಕ್ಕೆ ಕಾರಣವಿದೆ, ಅನೇಕ ಕಡೆ ಅವು ನಿಜವಾಗಿಯೂ ಹೊಂದುತ್ತವೆ. ‘ಬಸ್ಸು ಬಿಟ್ಟಿತು’, ‘ಕೆಲಸ ಬಿಟ್ಟ’, ‘ತೀರ್ಮಾನ ನನಗೆ ಬಿಟ್ಟರು’, ‘ಬಾಗಿಲು ತೆರೆದೇ ಬಿಟ್ಟ’ ಇವೆಲ್ಲಕ್ಕೂ ‘ಲೆಫ್ಟ್’ ಒದಗುತ್ತದೆ. ‘ಬಿಟ್ಟ ಸ್ಥಳ ತುಂಬಿರಿ’ ಎಂಬಲ್ಲಿರುವುದು ‘ಲೆಫ್ಟ್ ಬ್ಲ್ಯಾಂಕ್’. ಆದರೆ ಮಳೆ ಬಿಟ್ಟಿತು, ಮರ ಕಾಯಿ ಬಿಟ್ಟಿತು, ಗಡ್ಡ ಬಿಟ್ಟ, ಕಣ್ಣು ಬಿಟ್ಟ, ಸೀರೆ ಬಣ್ಣ ಬಿಟ್ಟಿತು ಎಂಬಲ್ಲೆಲ್ಲ ಇಂಗ್ಲಿಷ್ ಬೇರೆ ಬೇರೆ ಕ್ರಿಯಾಪದಗಳನ್ನು ಕೇಳುತ್ತದೆ. ‘ಶಾಲೆ ಬಿಟ್ಟಿತು’, ‘ಶಾಲೆ ಬಿಟ್ಟ’ ಇವೆರಡರ ನಡುವೆ ಎಷ್ಟು ಅಂತರವಿದೆ ನೋಡಿ, ಒಂದು ಸಂಜೆಯ ಗಂಟೆ, ಇನ್ನೊಂದು ಒಂದು ಮಗುವಿನ ಓದು ನಿಂತದ್ದು. ‘ಬಂದುಬಿಟ್ಟ’, ‘ಹೇಳಿಬಿಟ್ಟ’ ಎಂಬಲ್ಲಿ ಅದು ಸಹಾಯಕ ಕ್ರಿಯಾಪದವಾಗಿ, ಕೆಲಸ ಪೂರ್ತಿಯಾಗಿ ಮುಗಿದುಹೋಯಿತೆಂಬ ಭಾವವನ್ನಷ್ಟೇ ಕೊಡುತ್ತದೆ. ಆದ್ದರಿಂದ ಪದಕ್ಕೆ ಪದ ಜೋಡಿಸುವ ಬದಲು ವಾಕ್ಯಕ್ಕೆ ವಾಕ್ಯ ಜೋಡಿಸಿ ಕಲಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದ ಶಿಕ್ಷಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ತರಗತಿಯಲ್ಲಿ ಮೊದಲು ‘ಉಳಿ – ಉಳಿಸು’ ಎಂದು ಹಲಗೆಯ ಮೇಲೆ ಬರೆದು, ಅದರ ಪಕ್ಕದಲ್ಲಿ ‘ಲೀವ್’ ಪದದ ಹುಟ್ಟನ್ನು ಹೇಳಿದೆ. ಆಮೇಲೆ ಪ್ರತಿ ವಾಕ್ಯಕ್ಕೂ ‘ಇಲ್ಲಿ ಹೋದವರು ಯಾರು, ಉಳಿದದ್ದು ಯಾವುದು’ ಎಂಬ ಎರಡೇ ಪ್ರಶ್ನೆ ಕೇಳಿದೆ. ಪ್ರಶ್ನೆ ಎತ್ತಿದ ಹುಡುಗಿ ತಾನೇ ಒಂದು ವಾಕ್ಯ ಕಟ್ಟಿ ಓದಿದಳು: ‘ಗ್ರ್ಯಾಂಡ್‌ಮದರ್ ಲೆಫ್ಟ್, ಬಟ್ ಹರ್ ಕಾಫಿ ವಾಸ್ ಲೆಫ್ಟ್ ಇನ್ ದಿ ಟಂಬ್ಲರ್’. ಅಜ್ಜಿ ಹೋದಳು, ಕಾಫಿ ಲೋಟದಲ್ಲಿ ಉಳಿದಿತ್ತು. ‘ಅಬ್ಯಾಂಡನ್ಡ್’ ಬರೆದ ಹುಡುಗನಿಗೆ ನೀನು ಸಂಜೆ ಮನೆಗೆ ಹಿಂತಿರುಗುತ್ತೀಯಲ್ಲವೇ ಎಂದು ಕೇಳಿದ ಕೂಡಲೇ ಅವನೇ ಪದವನ್ನು ತಿದ್ದಿಕೊಂಡ.

ಒಂದು ಸಂದೇಹ ಮಾತ್ರ ಉಳಿದಿದೆ. ‘ಬಸ್ಸಿನಲ್ಲಿ ಕೊಡೆ ಮರೆತು ಬಂದೆ’ ಎಂಬುದಕ್ಕೆ ಮಕ್ಕಳೆಲ್ಲ ‘ಐ ಫರ್ಗಾಟ್ ಮೈ ಅಂಬ್ರೆಲಾ ಇನ್ ದಿ ಬಸ್’ ಎಂದು ಬರೆದರು. ನಾನೂ ಹಾಗೆಯೇ ಹೇಳುತ್ತ ಬಂದಿದ್ದೇನೆ. ಅದು ಸರಿಯೇ?

ಉತ್ತರ 1 ಬರೆದವರು

ನಾವೆಲ್ಲ ಹಾಗೆಯೇ ಹೇಳುತ್ತೇವೆ ಮೇಡಂ, ಏಕೆಂದರೆ ಕನ್ನಡದಲ್ಲಿ ‘ಮರೆತು ಬಂದೆ’ ಎಂಬುದು ಸಹಜ. ಆದರೆ ಶಿಷ್ಟ ಇಂಗ್ಲಿಷಿನಲ್ಲಿ ವಸ್ತು ಎಲ್ಲಿ ಉಳಿಯಿತು ಎಂಬ ಜಾಗದ ಹೆಸರು ವಾಕ್ಯದಲ್ಲಿ ಬಂದರೆ ‘ಲೆಫ್ಟ್’ ಬಳಸುವುದು ರೂಢಿ: ‘ಐ ಲೆಫ್ಟ್ ಮೈ ಅಂಬ್ರೆಲಾ ಆನ್ ದಿ ಬಸ್’. ಜಾಗ ಹೇಳದಿದ್ದರೆ ‘ಐ ಫರ್ಗಾಟ್ ಮೈ ಅಂಬ್ರೆಲಾ’ ಎನ್ನಬಹುದು. ಮರೆತದ್ದು ತಲೆಯಲ್ಲಿ ನಡೆದ ಸಂಗತಿ, ಅದಕ್ಕೆ ಬಸ್ಸಿನ ವಿಳಾಸ ಬೇಕಿಲ್ಲ. ಬಸ್ಸಿನಲ್ಲಿ ಉಳಿದದ್ದು ಕೊಡೆ.

‘ಬಾಗಿಲು ತೆರೆದಿಟ್ಟೆ’ ಎಂಬುದಕ್ಕೂ ಇದೇ ಎಚ್ಚರ ಬೇಕು. ಗಾಳಿ ಬರಲೆಂದು ಬೇಕೆಂದೇ ತೆರೆದಿಟ್ಟುಕೊಂಡಿದ್ದರೆ ‘ಕೆಪ್ಟ್ ಓಪನ್’, ಮುಚ್ಚದೆ ಹಾಗೆಯೇ ನಡೆದು ಬಂದಿದ್ದರೆ ‘ಲೆಫ್ಟ್ ಓಪನ್’. ನಾಳೆ ಪಾಠ ಶುರು ಮಾಡುವಾಗ ತರಗತಿಯ ಬಾಗಿಲನ್ನೇ ತೋರಿಸಿ ಈ ಎರಡು ವಾಕ್ಯಗಳನ್ನು ಹೇಳಿಸಿ.